ಕೊನೆಯ ವರ್ಷದ ಹೆಸರಿಲ್ಲದ ಪೀರಿಯಡ್

ನಮ್ಮ ಕೊನೆಯ ವರ್ಷದ ವೇಳಾಪಟ್ಟಿಯಲ್ಲಿ ವಾರಕ್ಕೊಮ್ಮೆ ಒಂದು ಪೀರಿಯಡ್ ಖಾಲಿ ಇರುತ್ತಿತ್ತು. ಅದಕ್ಕೆ ಪಠ್ಯಪುಸ್ತಕ ಇಲ್ಲ, ಪರೀಕ್ಷೆ ಇಲ್ಲ, ಅಂಕವೂ ಇಲ್ಲ. ಲೆಕ್ಕದ ಮೇಷ್ಟ್ರು ಅದನ್ನು ತಾವಾಗಿಯೇ ಕೇಳಿ ತಗೊಂಡಿದ್ದರು. ಶಾಲೆಯ ಸಂಚಿಕೆಗೆ ಏನಾದರೂ ಬರೆದು ಕೊಡಿ ಎಂದಾಗ ಬೇರೇನೂ ಯೋಚಿಸಲಿಲ್ಲ. ಆ ಪೀರಿಯಡ್ ಬಗ್ಗೆಯೇ ಬರೆಯಬೇಕು ಅನ್ನಿಸಿತು. ಶಾಲೆ ಬಿಟ್ಟ ಮೇಲೆ ನನಗೆ ಅತಿ ಹೆಚ್ಚು ಉಪಯೋಗಕ್ಕೆ ಬಂದಿದ್ದು ಅದು.

ಮೇಷ್ಟ್ರು ಬರುವಾಗ ಒಂದು ಕಂತೆ ಕಾಗದ ತರುತ್ತಿದ್ದರು. ನೇಮಕಾತಿ ಪತ್ರ, ಸಂಬಳದ ಚೀಟಿ, ಬಾಡಿಗೆ ಕರಾರು, ಸಾಲದ ಅರ್ಜಿ. ಹೆಸರು, ವಿಳಾಸ ಕಾಣದ ಹಾಗೆ ಮಸಿ ಬಳಿದಿರುತ್ತಿದ್ದರು. ಇಬ್ಬಿಬ್ಬರಿಗೆ ಒಂದೊಂದು ಹಂಚಿ, "ಅರ್ಥವಾಗದ ಸಾಲಿಗೆ ಗೀಟು ಹಾಕಿ" ಎನ್ನುತ್ತಿದ್ದರು. ಮೊದಲ ದಿನ ಯಾರ ಕಾಗದದಲ್ಲೂ ಗೀಟು ಇರಲಿಲ್ಲ. ಗೊತ್ತಿಲ್ಲ ಅಂತ ಹೇಳೋಕೆ ಎಲ್ಲರಿಗೂ ನಾಚಿಕೆ. ಅವರು ಬೈಯಲಿಲ್ಲ. "ಸರಿ, ಈ ಕೆಲಸ ನಿಮಗೆ ಇಷ್ಟವಾಗಲಿಲ್ಲ. ನಾಳೆಯಿಂದ ಬರಲ್ಲ ಅಂತ ಹೇಳಬಹುದಾ? ಕಾಗದ ನೋಡಿ ಹೇಳಿ" ಎಂದರು. ಆಗ ನಾವು ಹುಡುಕಲು ಶುರು ಮಾಡಿದೆವು. ನೋಟಿಸ್ ಅವಧಿ, ಅಂದರೆ ಕೆಲಸ ಬಿಡುವ ಎಷ್ಟು ದಿನ ಮೊದಲು ತಿಳಿಸಬೇಕು, ಅಂತ ಒಂದು ಸಾಲು ಸಿಕ್ಕಿತು. ಅದರ ಕೆಳಗೆ, ಸಣ್ಣ ಅಕ್ಷರದಲ್ಲಿ, ಮಧ್ಯದಲ್ಲಿ ಬಿಟ್ಟು ಹೋದರೆ ತರಬೇತಿಯ ಖರ್ಚು ತುಂಬಿಕೊಡಬೇಕು ಎನ್ನುವ ಇನ್ನೊಂದು ಸಾಲು. ಗೀಟು ಹಾಕುವ ಅಭ್ಯಾಸ ನಮಗೆ ಬಂದಿದ್ದು ಅಲ್ಲಿಂದ.

ಸಂಬಳದ ಚೀಟಿಯನ್ನು ಬೋರ್ಡಿನ ಮೇಲೆ ದೊಡ್ಡದಾಗಿ ಬರೆದು ತೋರಿಸಿದ್ದರು. ಮೇಲೆ ಬರೆದ ಮೊತ್ತ ಒಂದು, ಕೈಗೆ ಬರುವ ಮೊತ್ತ ಇನ್ನೊಂದು. ನಡುವೆ ತೆರಿಗೆ, ವಿಮೆ, ನಿವೃತ್ತಿಯ ನಿಧಿ. ಯಾವುದು ಹೋಗೇಬಿಡುತ್ತೆ, ಯಾವುದು ಮುಂದೆ ನಮಗೇ ವಾಪಸ್ ಬರುತ್ತೆ ಎಂದು ಬೇರೆ ಬೇರೆ ಮಾಡಿಸಿದರು. ಖರ್ಚಿನ ಲೆಕ್ಕ ಹಾಕುವಾಗ ಕೈಗೆ ಬರುವ ಮೊತ್ತದಿಂದಲೇ ಶುರು ಮಾಡಬೇಕು ಎನ್ನುವುದು ಎಷ್ಟು ಸಣ್ಣ ವಿಷಯ ಅಲ್ವಾ? ಆದರೂ ಮೊದಲ ಕೆಲಸಕ್ಕೆ ಸೇರಿದ ಎಷ್ಟೋ ಜನ ಅದು ಗೊತ್ತಿಲ್ಲದೆ ಒದ್ದಾಡುವುದನ್ನು ಆಮೇಲೆ ಕಣ್ಣಾರೆ ನೋಡಿದೆ.

ಬಡ್ಡಿಯ ಪಾಠ ಲೆಕ್ಕದ ಪುಸ್ತಕದಲ್ಲೂ ಇತ್ತು. ಇಲ್ಲಿ ಅವರು ಒಂದೇ ಒಂದು ಅಂಕಿ ಕೊಟ್ಟರು: 72. ಬಡ್ಡಿ ದರದಿಂದ 72ನ್ನು ಭಾಗಿಸಿದರೆ, ಚಕ್ರಬಡ್ಡಿಯಲ್ಲಿ ಹಣ ದುಪ್ಪಟ್ಟಾಗಲು ಬೇಕಾದ ಕಾಲ ಹೆಚ್ಚುಕಮ್ಮಿ ಸಿಗುತ್ತದೆ. ವರ್ಷಕ್ಕೆ ಶೇಕಡಾ 6 ಬರುವ ಉಳಿತಾಯ ದುಪ್ಪಟ್ಟಾಗಲು 12 ವರ್ಷ. ತಿಂಗಳಿಗೆ ಶೇಕಡಾ 2ರ ಸಾಲ, ಏನೂ ಕಟ್ಟದೆ ಬಿಟ್ಟರೆ, ಸುಮಾರು 3 ವರ್ಷಕ್ಕೇ ದುಪ್ಪಟ್ಟು. "ಎರಡೇ ಪರ್ಸೆಂಟ್" ಎಂದು ಯಾರಾದರೂ ಹೇಳಿದರೆ, ವಾರಕ್ಕಾ, ತಿಂಗಳಿಗಾ, ವರ್ಷಕ್ಕಾ ಎಂದು ಮೊದಲು ಕೇಳಿ ಅಂದರು. ಅದೇ ದಿನ ಜಾಮೀನಿನ ವಿಷಯವೂ ಬಂತು. ಒಬ್ಬಳನ್ನು ಎಬ್ಬಿಸಿ, "ನಿನ್ನ ಗೆಳತಿಗೆ ಸಾಲ ಬೇಕು, ಸುಮ್ನೆ ಒಂದು ಸಹಿ ಹಾಕು ಅಂತಾಳೆ, ಏನ್ಮಾಡ್ತೀಯ?" ಎಂದರು. ಅವಳು "ಹಾಕ್ತೀನಿ ಸಾರ್" ಎಂದಳು. ಅವಳಿಂದಲೇ ಕಾಗದ ಓದಿಸಿದರು. ಸಾಲಗಾರ ಕಟ್ಟದಿದ್ದರೆ ಜಾಮೀನುದಾರ ಕಟ್ಟಬೇಕು ಎಂಬ ಸಾಲು ಬಂದಾಗ ಅವಳು ಓದುವುದನ್ನೇ ನಿಲ್ಲಿಸಿಬಿಟ್ಟಳು. ಸಹಿ ಹಾಕಬೇಡ ಎಂದು ಮೇಷ್ಟ್ರು ಹೇಳಲೇ ಇಲ್ಲ. "ನೀನೇ ಕಟ್ಟಬೇಕಾಗಿ ಬಂದರೆ ಕಟ್ಟೋಕಾಗುತ್ತಾ? ಆಗುತ್ತೆ ಅಂದ್ರೆ ಹಾಕು" ಎಂದಷ್ಟೇ ಹೇಳಿದರು.

ನನಗೆ ಜಾಸ್ತಿ ನೆನಪಿರುವುದು ಫೋನಿನ ಪಾಠ. ಎರಡು ಕುರ್ಚಿ, ಬೆನ್ನಿಗೆ ಬೆನ್ನು. ಒಂದರಲ್ಲಿ ಮೇಷ್ಟ್ರು, ಅವರೇ ಆಫೀಸು. ಇನ್ನೊಂದರಲ್ಲಿ ನಾವು ಒಬ್ಬೊಬ್ಬರಾಗಿ. ಮುಖ ಕಾಣದಿದ್ದರೆ ಮಾತು ಎಷ್ಟು ಕಷ್ಟ ಎಂದು ಕೂತ ಮೇಲೇ ತಿಳಿಯುವುದು. ಹಿಂದಿನ ಬೆಂಚಿನ ಒಬ್ಬ ಹುಡುಗ ಯಾರೊಂದಿಗೂ ಹೆಚ್ಚು ಮಾತಾಡುತ್ತಿರಲಿಲ್ಲ. "ಯಾರು ಮಾತಾಡ್ತಿರೋದು?" ಎಂದು ಮೇಷ್ಟ್ರು ಗಡುಸಾಗಿ ಕೇಳಿದ ಕೂಡಲೇ ಎದ್ದು ಜಾಗಕ್ಕೆ ಹೋಗಿಬಿಟ್ಟ. ಮುಂದಿನ ವಾರ ಅವನನ್ನೇ ಮತ್ತೆ ಕೂರಿಸಿದರು, ಅದರ ಮುಂದಿನ ವಾರವೂ. ನಿಧಾನವಾಗಿ ಅವನಿಗೆ ಒಂದು ಕ್ರಮ ಸಿಕ್ಕಿತು. ಮೊದಲು ನನ್ನ ಹೆಸರು, ಆಮೇಲೆ ವಿಷಯ, ಆಮೇಲೆ ಪ್ರಶ್ನೆ. ಫೋನ್ ಇಡುವ ಮೊದಲು, "ನಿಮ್ಮ ಹೆಸರೇನು? ಮತ್ತೆ ಯಾವಾಗ ಫೋನ್ ಮಾಡಲಿ?" ಎಂದು ಕೇಳಿ ಬರೆದುಕೊಳ್ಳುವುದು. ಅವನು ಶಾಲೆ ಮುಗಿದ ಕೂಡಲೇ ಕೆಲಸಕ್ಕೆ ಸೇರಿದ. ಈಗ ದಿನವಿಡೀ ಗಿರಾಕಿಗಳ ಜೊತೆ ಮಾತಾಡುವುದೇ ಅವನ ಕೆಲಸ. ಅದನ್ನು ನೋಡಿದಾಗಲೆಲ್ಲ ಆ ಎರಡು ಕುರ್ಚಿಗಳ ಬಗ್ಗೆ ನನಗೆ ಅಭಿಮಾನ ಉಕ್ಕುತ್ತದೆ.

ಆಟದ ಮೇಡಂ ಕೂಡ ಕೆಲವು ಪೀರಿಯಡ್ ತಗೊಂಡರು. ಕುಸಿದು ಬಿದ್ದವರು ಎಚ್ಚರವಿಲ್ಲದೆ, ಸರಿಯಾಗಿ ಉಸಿರಾಡದೆ ಇದ್ದರೆ ಎದೆಯ ಮಧ್ಯೆ ಹೇಗೆ ಒತ್ತಬೇಕೆಂದು ಗೊಂಬೆಯ ಮೇಲೆ ಕಲಿಸಿದರು. ದೊಡ್ಡವರಿಗಾದರೆ ನಿಮಿಷಕ್ಕೆ 100ರಿಂದ 120 ಸಲ, ಕಡಿಮೆ ಅಂದರೂ 5 ಸೆಂಟಿಮೀಟರ್ ಆಳ.

ಕೆಲಸದ ಹಕ್ಕುಗಳನ್ನು ಮೇಷ್ಟ್ರು ಇತಿಹಾಸದ ಜೊತೆ ಸೇರಿಸಿ ಹೇಳುತ್ತಿದ್ದರು. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 1919ರಲ್ಲಿ ಮಾಡಿದ ಮೊದಲ ಒಪ್ಪಂದವೇ ಕೈಗಾರಿಕೆಗಳಲ್ಲಿ ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ ಎಂಬ ಮಿತಿಯದು. ಅದನ್ನು ಕೇಳಿದ ಮೇಲೆ, ಓವರ್‌ಟೈಮ್ ಬಗ್ಗೆ ವಿಚಾರಿಸುವುದು ದುರಾಸೆ ಎಂದು ನಮಗೆ ಯಾವತ್ತೂ ಅನ್ನಿಸಲಿಲ್ಲ. ಕೆಲಸ ಕೊಡಿಸಲು ಮೊದಲೇ ದುಡ್ಡು ಕೇಳುವವರನ್ನು ನಂಬಬೇಡಿ, ಮೂಲ ಅಂಕಪಟ್ಟಿಯನ್ನು ತೋರಿಸಿ, ಬಿಟ್ಟು ಬರಬೇಡಿ ಎಂದೂ ಹೇಳುತ್ತಿದ್ದರು.

ಇದನ್ನೆಲ್ಲ ಮನೆಯಲ್ಲೇ ಕಲಿಯಬಹುದಲ್ಲ ಎನ್ನುವವರಿದ್ದಾರೆ. ಎಲ್ಲ ಮನೆಯಲ್ಲೂ ನೇಮಕಾತಿ ಪತ್ರ ನೋಡಿದವರು ಇರುವುದಿಲ್ಲ. ಇರುವ ಮನೆಯ ಮಕ್ಕಳು ಹೇಗೋ ಕಲಿಯುತ್ತಾರೆ, ಇಲ್ಲದವರಿಗೆ ಶಾಲೆ ಬಿಟ್ಟರೆ ಬೇರೆ ಜಾಗ ಇಲ್ಲ. ವಿಶ್ವ ಆರೋಗ್ಯ ಸಂಸ್ಥೆ 1990ರ ದಶಕದಲ್ಲೇ ಶಾಲೆಗಳಲ್ಲಿ ಕಲಿಸಬೇಕಾದ ಜೀವನ ಕೌಶಲಗಳ ಪಟ್ಟಿ ಮಾಡಿತ್ತು. ನಿರ್ಧಾರ ತೆಗೆದುಕೊಳ್ಳುವುದು, ಒತ್ತಡ ತಾಳಿಕೊಳ್ಳುವುದು, ಸರಿಯಾಗಿ ಮಾತಾಡುವುದು ಎಲ್ಲ ಅದರಲ್ಲಿವೆ. ಆದರೆ ಇವುಗಳ ಬಗ್ಗೆ ಭಾಷಣ ಕೇಳಿಸಿದರೆ ಏನೂ ಅಂಟುವುದಿಲ್ಲ. ಕಾಗದ ಕೈಗೆ ಕೊಡಬೇಕು, ಕುರ್ಚಿಯಲ್ಲಿ ಕೂರಿಸಬೇಕು, ತಡವರಿಸಲು ಬಿಡಬೇಕು. ತಪ್ಪಿದರೂ ಏನೂ ನಷ್ಟವಿಲ್ಲದ ಕೊನೆಯ ಜಾಗ ಆ ತರಗತಿ. ಮೇಷ್ಟ್ರಿಗೆ ಇದು ಚೆನ್ನಾಗಿ ಗೊತ್ತಿತ್ತು. ಪರೀಕ್ಷೆ ಹತ್ತಿರ ಬಂದಾಗ ಬೇರೆ ವಿಷಯದವರು ಆ ಪೀರಿಯಡ್ ಕೇಳಿದರೂ ಅವರು ಬಿಟ್ಟುಕೊಡಲಿಲ್ಲ.

ಮೇಷ್ಟ್ರು ಈಗ ನಿವೃತ್ತರಾಗಿದ್ದಾರೆ. ಆ ಪೀರಿಯಡ್ ಯಾರ ಕೈಯಲ್ಲಿದೆಯೋ ಅವರಲ್ಲಿ ನನ್ನದೊಂದು ಕೋರಿಕೆ. ಹಳೆಯ ವಿದ್ಯಾರ್ಥಿಗಳನ್ನು ವಾರ್ಷಿಕೋತ್ಸವಕ್ಕೆ ಮಾತ್ರ ಕರೆಯಬೇಡಿ. ನಮ್ಮಲ್ಲಿ ಆಸ್ಪತ್ರೆಯಲ್ಲಿ ಕೆಲಸ ಮಾಡುವವರಿದ್ದಾರೆ, ಲಾರಿ ಓಡಿಸುವವರಿದ್ದಾರೆ, ಅಂಗಡಿ ನಡೆಸುವವರಿದ್ದಾರೆ. ಪ್ರತಿಯೊಬ್ಬರೂ ತಮ್ಮ ಕೆಲಸದ ಒಂದು ನಿಜವಾದ ಕಾಗದ ತಂದು ಒಂದು ಪೀರಿಯಡ್ ಮಕ್ಕಳ ಜೊತೆ ಕೂರಬಹುದು. ಆನ್‌ಲೈನ್ ಮೋಸದ ಬಗ್ಗೆ ನಮ್ಮ ಕಾಲದಲ್ಲಿ ಯಾರೂ ಹೇಳಿರಲಿಲ್ಲ. ಅದನ್ನು ನಾನು ಬಂದು ಹೇಳಿಕೊಡುತ್ತೇನೆ. ದಿನ ನೀವೇ ಹೇಳಿ.