ಮೇಷ್ಟ್ರು ನೋಡದ ಬಂಡೆ

ನವೆಂಬರ್ 12, 2025, ಬುಧವಾರ. ರಾತ್ರಿ

ಸಂಜೆ ಐದೂವರೆಗೆ ಬಾದಾಮಿಯ ಗೈಡ್‌ಗೆ ಫೋನ್ ಮಾಡಿದೆ. ಹತ್ತು ನಿಮಿಷದ ಮಾತು ಅಂದುಕೊಂಡಿದ್ದೆ. ಫೋನ್ ಇಟ್ಟಾಗ ಏಳು ಗಂಟೆ ಹತ್ತಿರವಾಗಿತ್ತು. ಒಲೆ ಮೇಲಿದ್ದ ಹಾಲನ್ನು ಅಕ್ಕ ನೋಡಿಕೊಂಡಳು, ಪುಣ್ಯ.

ನನ್ನ ಪಟ್ಟಿ ಮೊದಲೇ ರೆಡಿ ಇತ್ತು. ಡಿಸೆಂಬರ್ 5, ಶುಕ್ರವಾರ: ಬಾದಾಮಿ ಗುಹೆಗಳು, ಮ್ಯೂಸಿಯಂ, ಭೂತನಾಥ, ಸಂಜೆ ಬನಶಂಕರಿ. ಶನಿವಾರ ಮಹಾಕೂಟ, ಪಟ್ಟದಕಲ್ಲು, ಐಹೊಳೆ, ಹೊತ್ತಿದ್ದರೆ ಕೂಡಲಸಂಗಮ. ಭಾನುವಾರ ಬೆಳಿಗ್ಗೆ ಎದ್ದು ಹಂಪಿ. ವಾಟ್ಸಾಪ್‌ನಲ್ಲಿ ಕಳಿಸಿದ್ದೆ. ಅವರು ಓದಿದ್ದರು. ಆದರೆ ಅದರ ಮಾತೇ ಎತ್ತಲಿಲ್ಲ. "ಬರಾವ್ರು ಯಾರ್ಯಾರ್ರಿ ಮೇಡಂ?" ಅಂದರು.

ನಾನು, ಅಕ್ಕ, ಅಪ್ಪ.

"ಅಪ್ಪಾರಿಗೆ ವಯಸ್ಸೆಷ್ಟು? ಮೆಟ್ಟಲಾ ಹತ್ತತಾರೇನು?"

74, ಬಲ ಮೊಣಕಾಲು ನೋವಿದೆ, ನಿಧಾನಕ್ಕೆ ಹತ್ತುತ್ತಾರೆ ಅಂದೆ.

"ಏನ್ ಕೆಲಸಾ ಮಾಡತಿದ್ರು?"

ಇದೆಲ್ಲ ಯಾಕೆ ಬೇಕು ಇವರಿಗೆ ಅಂತ ಒಂದು ಕ್ಷಣ ಅನಿಸಿತು. ಹೈಸ್ಕೂಲಿನಲ್ಲಿ ಕನ್ನಡ ಮೇಷ್ಟ್ರು, 33 ವರ್ಷ ಪಾಠ ಮಾಡಿದ್ದಾರೆ ಅಂದೆ. ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. ಲೈನ್ ಕಟ್ ಆಯಿತೇನೋ ಅಂತ ಹಲೋ ಅನ್ನುವಷ್ಟರಲ್ಲಿ, ನಿಧಾನವಾಗಿ, ಒಂದೊಂದೇ ಪದ ಬಿಡಿಸಿ ಹೇಳಿದರು.

"ಸಾಧುಗೆ ಸಾಧು, ಮಾಧುರ್ಯಂಗೆ ಮಾಧುರ್ಯಂ... ಇದನ್ನ ಪಾಠ ಮಾಡ್ಯಾರೇನ್ರಿ?"

ಮಾಡದೇ ಇರುತ್ತಾರಾ! ನಮಗೆ ಮಗ್ಗಿಗಿಂತ ಮೊದಲು ಬಂದ ಸಾಲು ಅದು. ಅಪ್ಪ ತೊಡೆ ತಟ್ಟಿಕೊಂಡು ಗಣ ಬಿಡಿಸುತ್ತಿದ್ದರು. ನಾನೂ ಅಕ್ಕನೂ ಚಾಪೆ ಮೇಲೆ ಕೂತು ಹಿಂದೆಯೇ ಹೇಳುತ್ತಿದ್ದೆವು. ಆ ಸಾಲು ಹೊಗಳುವ ವೀರ ಕಪ್ಪೆ ಅರಭಟ್ಟನ ಹೆಸರು ಬಂದರೆ ಸಾಕು, ಇಬ್ಬರಿಗೂ ನಗು ತಡೆಯೋಕಾಗುತ್ತಿರಲಿಲ್ಲ. ಅಪ್ಪ ಬೈಯುತ್ತಿರಲಿಲ್ಲ. ಸುಮಾರು 700ನೇ ಇಸವಿಯ ಶಾಸನ ಕಣ್ರೇ, ಕನ್ನಡದಲ್ಲಿ ಸಿಕ್ಕಿರೋ ಅತಿ ಹಳೇ ತ್ರಿಪದಿ, ನಗಿ ಪರವಾಗಿಲ್ಲ, ಆದರೆ ಬಾಯಿಪಾಠ ಮಾಡಿ ಅನ್ನುತ್ತಿದ್ದರು. ಒಳ್ಳೆಯವರಿಗೆ ಒಳ್ಳೆಯವನು, ಸಿಹಿಯಾದವರಿಗೆ ಸಿಹಿ, ಕಾಡುವ ಕಲಿಗೆ ಮಾತ್ರ ಸರಿಯಾಗಿ ತಿರುಗಿ ನಿಲ್ಲುವವನು. ಹೀಗೆ ಅರ್ಥ ಹೇಳುವಾಗ ಅವರ ದನಿ ಕೊನೆಯ ಮಾತಿಗೆ ಏರುತ್ತಿತ್ತು.

"ಮಾಡಿದ್ದಾರೆ ಸರ್."

"ನೋಡ್ಯಾರ್ರಿ?"

ಇಲ್ಲ.

ಇಲ್ಲ ಅಂತ ಹೇಳುವಾಗ ಗಂಟಲು ಹಿಡಿದ ಹಾಗಾಯಿತು. 33 ವರ್ಷ ಕಪ್ಪು ಹಲಗೆಯ ಮೇಲೆ ಬರೆದ ಸಾಲು ಒಂದು ಬಂಡೆಯ ಮೇಲಿದೆ. ಬಾದಾಮಿಯ ಕೆರೆ ಅಗಸ್ತ್ಯ ತೀರ್ಥದ ಈಶಾನ್ಯಕ್ಕೆ. ಅಪ್ಪ ಅದನ್ನು ಒಂದು ಸಲವೂ ನೋಡಿಲ್ಲ. ನಮ್ಮ ಫೀಸು, ಅಜ್ಜಿಯ ಆಸ್ಪತ್ರೆ, ಅಕ್ಕನ ಮದುವೆ, ಒಂದಾದ ಮೇಲೊಂದು ಬಂತು. ನನ್ನ ಪಟ್ಟಿಯಲ್ಲಿ ಅದರ ಹೆಸರೂ ಇರಲಿಲ್ಲ. ಅಷ್ಟೊಂದು ಜಾಗ ಬರೆದಿದ್ದೆ, ಆ ಬಂಡೆ ಬರೆದಿರಲಿಲ್ಲ.

ಅಲ್ಲಿಂದ ಮುಂದೆ ಅವರು ನನ್ನನ್ನು ಮೇಡಂ ಅನ್ನಲಿಲ್ಲ, ತಂಗಿ ಅಂದರು. "ತಂಗಿ, ಹಂಪಿ ಬಿಡು. ಹಂಪಿಗೆ ಬ್ಯಾರೆ ಸಲ ಹೋಗ್ರಿ. ಎಲ್ಲಾ ನೋಡತೀನಿ ಅಂದ್ರ ಏನೂ ನೋಡಿದಂಗ ಆಗೂದಿಲ್ಲ."

ಕಳೆದ ವರ್ಷದ ಬೇಲೂರು ನೆನಪಾಯಿತು. ಆಗ ಪ್ಯಾಕೇಜ್ ಟೂರ್‌ನಲ್ಲಿ ಹೋಗಿದ್ದೆವು. ದೇವಸ್ಥಾನಕ್ಕೆ ಮುಕ್ಕಾಲು ಗಂಟೆ ಅಂತ ಹೇಳಿದ್ದರು. ಗೈಡ್ ಎಲ್ಲರನ್ನೂ ದರ್ಪಣ ಸುಂದರಿಯ ಹತ್ತಿರ ಕರೆದುಕೊಂಡು ಹೋದ. ಅಪ್ಪ ಅಂಗಳದಲ್ಲಿ ಒಂದು ಶಾಸನದ ಕಲ್ಲಿನ ಮುಂದೆಯೇ ನಿಂತುಬಿಟ್ಟರು. ಮುಟ್ಟದೆ, ಗಾಳಿಯಲ್ಲೇ ಬೆರಳಾಡಿಸಿಕೊಂಡು ಒಂದೊಂದೇ ಅಕ್ಷರ ಕೂಡಿಸಿ ಓದುತ್ತಿದ್ದರು. ನಾಲ್ಕನೇ ಸಾಲಿಗೆ ಬಂದಿದ್ದರೋ ಏನೋ, ಹೊರಗೆ ಬಸ್ಸಿನ ಹಾರ್ನ್. ಮತ್ತೆ ಮತ್ತೆ ಹಾರ್ನ್. ಅವರು ಓಡುವ ಹಾಗೆ ಬಂದು ಹತ್ತಿದರು. ಹತ್ತುವಾಗ ಅದೇ ಬಲ ಮೊಣಕಾಲು ತಾಗಿತು. ಯಾರೋ ಹಿಂದಿನಿಂದ "ಇವರಿಂದಲೇ ಲೇಟು" ಅಂದರು. ಅಪ್ಪ ಏನೂ ಹೇಳಲಿಲ್ಲ. ಹಳೇಬೀಡಿನಲ್ಲಿ ಬಸ್ಸಿನಿಂದ ಇಳಿಯಲೇ ಇಲ್ಲ.

ಆವತ್ತಿನ ಸಿಟ್ಟು ಇವತ್ತೂ ಹಾಗೇ ಇದೆ. ಆ ಟೂರಿನವರ ಮೇಲೆ ಇರುವಷ್ಟೇ ನನ್ನ ಮೇಲೂ ಇದೆ. ಇಳಿದು ಹೋಗಿ ಹತ್ತು ನಿಮಿಷ ನಿಲ್ಲಿಸಿ ಅಂತ ಕೇಳಬಹುದಿತ್ತಲ್ವಾ. ಕೇಳಲಿಲ್ಲ.

ಗೈಡ್‌ಗೆ ಇದನ್ನು ಹೇಳಿದೆ. ಅವರು ಬೇಜಾರು ಮಾಡಿಕೊಂಡರು. ತಮ್ಮದೂ ಒಂದು ಷರತ್ತಿದೆ ಅಂದರು. "ಮೂರು ದಿನದಾಗ ಎಷ್ಟು ಜಾಗ ಆತು ಅಂತ ನನಗ ಕೇಳಬಾರದು."

ಒಪ್ಪಿಕೊಂಡೆ. ಆಮೇಲೆ ಇಬ್ಬರೂ ಕೂತು ಹೊಸದಾಗಿ ಹೊಂದಿಸಿದೆವು. ನಾನು ಬರೆದುಕೊಳ್ಳುತ್ತಾ ಹೋದೆ, ಅವರು ಹೇಳುತ್ತಾ ಹೋದರು. ಮೊದಲನೆಯದಾಗಿ, ಶುಕ್ರವಾರ ಮ್ಯೂಸಿಯಂಗೆ ರಜೆ. ಅದು ನನಗೆ ಹೊಳೆದೇ ಇರಲಿಲ್ಲ. ಹಾಗಾಗಿ ಶುಕ್ರವಾರ ಬರೀ ಪ್ರಯಾಣ, ಅಪ್ಪ ಕಾಲು ಚಾಚಿ ಮಲಗಲಿ. ಸೋಮವಾರ ಒಂದು ದಿನ ರಜೆ ಜಾಸ್ತಿ ಹಾಕಬೇಕು. ಬನದ ಹುಣ್ಣಿಮೆಗೆ ಬಂದರೆ ಬನಶಂಕರಿ ಜಾತ್ರೆ, ರಾತ್ರಿಯೆಲ್ಲ ಕಂಪನಿ ನಾಟಕ ನೋಡಬಹುದು ಅಂತ ಅಕ್ಕನಿಗೆ ಆಸೆ. ಕೇಳಿದೆ. ಜಾತ್ರೆ ಚೆಂದ, ಆದರೆ ಆ ಗದ್ದಲದಲ್ಲಿ ಅಕ್ಷರ ಓದೋಕೆ ಆಗೋದಿಲ್ಲ ಅಂದರು. ಡಿಸೆಂಬರೇ ಇರಲಿ.

ಶನಿವಾರ ಬಿಸಿಲೇರುವ ಮೊದಲು ಮೂರನೇ ಗುಹೆ. ಮೊದಲೆರಡನ್ನು ಇಳಿಯುವಾಗ ನೋಡಿದರಾಯಿತು, ಕಾಲಲ್ಲಿ ಶಕ್ತಿ ಇದ್ದಾಗ ಮೂರನೆಯದು ಆಗಬೇಕು. ಚಾಲುಕ್ಯರ ಮಂಗಳೇಶ ಮಾಡಿಸಿದ್ದು, 578ರದ್ದು. ಕಂಬದ ಮೇಲಿನ ಸಂಸ್ಕೃತ ಶಾಸನದಲ್ಲಿ ಆ ಕಾಲ ಇದೆ. ಅದು ನನಗೂ ಗೊತ್ತಿತ್ತು. ಗೊತ್ತಿಲ್ಲದ್ದು ಇನ್ನೊಂದು. ಅಲ್ಲೇ ಮಂಗಳೇಶನ ಒಂದು ಸಣ್ಣ ಕನ್ನಡ ಶಾಸನವೂ ಇದೆಯಂತೆ. ದೇವರಿಗೆ ಹೂಮಾಲೆ ಕಟ್ಟುವವರಿಗೆ ಬಿಟ್ಟ ದಾನ. ಅದರಲ್ಲಿ ಗುಹೆಗೆ ಏನು ಅಂತ ಬರೆದಿದ್ದಾರೆ ಗೊತ್ತಾ ಅಂತ ಕೇಳಿದರು.

ಕಲ್ಮನೆ.

ಕಲ್ಲಿನ ಮನೆ. ಅಷ್ಟೇ. ನಾವು ಗುಹಾಲಯ, ಗುಹಾಂತರ ದೇವಾಲಯ ಅಂತ ಏನೇನೋ ಬರೆಯುತ್ತೇವೆ. ಅವರು ಕಲ್ಮನೆ ಅಂದರು. ಫೋನ್ ಹಿಡಿದುಕೊಂಡೇ ಎರಡು ಸಲ ಹೇಳಿಕೊಂಡೆ. ಈ ಪದ ಅಪ್ಪನಿಗೆ ಎಷ್ಟು ಇಷ್ಟವಾಗುತ್ತೆ ಅಂತ ನನಗೆ ಗೊತ್ತು. ಮೊದಲೇ ಹೇಳಬಾರದು, ಅಲ್ಲೇ ಕಂಬದ ಹತ್ತಿರ ಕೇಳಲಿ.

ಮಧ್ಯಾಹ್ನ ನಿದ್ದೆ. ಹೌದು, ಅದೂ ಪ್ಲ್ಯಾನಿನಲ್ಲಿದೆ! ಸಂಜೆ ಕೆರೆ ದಂಡೆ, ಮ್ಯೂಸಿಯಂ, ಆಮೇಲೆ ಆ ಬಂಡೆ.

ಭಾನುವಾರ ಪಟ್ಟದಕಲ್ಲು ಒಂದೇ. ಬಾದಾಮಿಯಿಂದ 22 ಕಿಲೋಮೀಟರ್. ಕಂಚಿ ಗೆದ್ದ ಎರಡನೇ ವಿಕ್ರಮಾದಿತ್ಯನಿಗಾಗಿ ರಾಣಿ ಲೋಕಮಹಾದೇವಿ ಕಟ್ಟಿಸಿದ ವಿರೂಪಾಕ್ಷ. ಅದನ್ನು ಕಟ್ಟಿದ ಗುಂಡ ಅನಿವಾರಿತಾಚಾರಿಯ ಹೆಸರು ಅಲ್ಲಿ ಕಲ್ಲಲ್ಲೇ ಇದೆ, ಅಪ್ಪಾರೇ ಓದಿ ನಿಮಗೆ ತೋರಿಸಲಿ ಅಂದರು. ಸೋಮವಾರ ಐಹೊಳೆ. ಮೇಗುತಿಯ ಗುಡ್ಡ ಹತ್ತುವುದೋ ಬೇಡವೋ ಆವತ್ತಿನ ಮೊಣಕಾಲು ಹೇಳುತ್ತೆ. ಹತ್ತಿದರೆ ಕವಿ ರವಿಕೀರ್ತಿ ಬರೆದ 634ರ ಶಾಸನ. ಹತ್ತದಿದ್ದರೆ ಕೆಳಗೆ ದುರ್ಗದ ಗುಡಿಯ ಕಂಬದ ಸಾಲಿನಲ್ಲಿ ಕೂತು ಅವರೇ ಅದರ ಕಥೆ ಹೇಳುತ್ತಾರಂತೆ.

ದುಡ್ಡಿನ ಮಾತು ಬಂದಾಗ ಮಾತ್ರ ಅವರ ದನಿ ಸಣ್ಣದಾಯಿತು. "ನಿಮಗ ತಿಳಿದಷ್ಟು ಕೊಡ್ರಿ" ಅಂದರು. ನನಗೆ ಅದು ಇಷ್ಟವಾಗಲಿಲ್ಲ. ಇಷ್ಟು ತಿಳಿದವರು ತಮ್ಮ ದಿನಕ್ಕೆ ಬೆಲೆ ಹೇಳೋಕೆ ಯಾಕೆ ಸಂಕೋಚ ಪಡಬೇಕು? ದಿನಕ್ಕೆ ಇಷ್ಟು ಅಂತ ನೀವೇ ಹೇಳಿ ಸರ್, ನನಗೂ ಲೆಕ್ಕ ಬೇಕು ಅಂತ ಹಟ ಮಾಡಿದೆ. ಹೇಳಿದರು. ನಾನು ಚೌಕಾಸಿ ಮಾಡಲಿಲ್ಲ. ಮೂರು ದಿನದ್ದರಲ್ಲಿ ಒಂದು ಪಾಲು ಮುಂಗಡ ಕಳಿಸಿದೆ. ತಲುಪಿತು ಅಂತ ಮೆಸೇಜ್ ಬಂತು. ಅದರ ಹಿಂದೆಯೇ ಇನ್ನೊಂದು ಮೆಸೇಜು. ಆಗಿನಿಂದ ನನ್ನ ತಲೆ ಕೊರೆಯುತ್ತಿರುವುದು ಅದೇ.

"ತಂಗಿ, ಆ ಬಂಡೆ ಹತ್ರ ಹೋಗಾಕ ಕಾಲು ಗಟ್ಟಿ ಬೇಕು. ಇಲ್ಲಂದ್ರ ಕೆಳಗ ನಿಂತು ದುರ್ಬೀನಿನಾಗ ನೋಡಬೇಕು. ಅಪ್ಪಾರ ಕಣ್ಣು ಹ್ಯಾಂಗದಾವ? ಅವರ ಓದತಾರೋ, ನಾ ಓದಿ ಹೇಳಬೇಕೋ?"

ಎಡಗಣ್ಣಿನ ಪೊರೆ ತೆಗೆಸಿ ಎರಡು ವರ್ಷವಾಯಿತು. ಬಲಗಣ್ಣಿನದು ಮುಂದಕ್ಕೆ ಹಾಕಿಕೊಂಡೇ ಬಂದಿದ್ದಾರೆ. ಪೇಪರ್ ಓದುವಾಗ ದೀಪದ ಕೆಳಗೆ ಹಿಡಿಯುತ್ತಾರೆ, ಆದರೂ ಒಂದು ಪುಟ ಬಿಡುವುದಿಲ್ಲ. ದೂರದ್ದು ಎಷ್ಟು ಕಾಣುತ್ತೆ? ನಾನು ಕೇಳಿಯೇ ಇಲ್ಲ. ಶಾಸನದ ಫೋಟೋ ದೊಡ್ಡದಾಗಿ ಪ್ರಿಂಟ್ ಹಾಕಿಸಿಕೊಂಡು ಹೋಗೋಣ ಅಂತ ಅಕ್ಕ ಅಂದಳು. ಅದೂ ಸರಿ. ಆದರೆ ಬಂಡೆ ಎದುರಿಗೆ ನಿಂತು ಕೈಯಲ್ಲಿರೋ ಹಾಳೆ ನೋಡಿ ಓದುವುದಾ? ಹಾಗಂತ, ಬೇರೆಯವರು ಓದಿ ಹೇಳಿದರೆ ಅಪ್ಪ ಸುಮ್ನೆ ನಿಂತು ಕೇಳುತ್ತಾರಾ...

ಗೈಡ್‌ಗೆ ಇನ್ನೂ ಉತ್ತರ ಬರೆದಿಲ್ಲ. ಹಾಲ್‌ನಲ್ಲಿ ಟಿವಿ ಆಫ್ ಆಯಿತು. ಅಪ್ಪ ನೀರಿನ ಚೊಂಬು ತಗೊಂಡು ಈ ಕಡೆಗೇ ಬರುತ್ತಿದ್ದಾರೆ. ಗೋಡೆ ಮೇಲಿನ ಕ್ಯಾಲೆಂಡರ್ ಇಲ್ಲಿಂದ ಓದಿ ಅಂತ ಸುಮ್ನೆ ಕೇಳಿನೋಡಲಾ, ಅಥವಾ