ಏಜ್ ಆಫ್ ಎಂಪೈರ್ಸ್ 4ಕ್ಕೆ ಯಾವ ಗ್ರಾಫಿಕ್ಸ್ ಕಾರ್ಡ್ ಸಾಕು?

ಈ ಆಟಕ್ಕೆ ದುಬಾರಿ ಗ್ರಾಫಿಕ್ಸ್ ಕಾರ್ಡ್ ಖಂಡಿತ ಬೇಡ. ತಯಾರಕರ ಶಿಫಾರಸೇ ಜಿಟಿಎಕ್ಸ್ 970 ಅಥವಾ 4 ಜಿಬಿ ಮೆಮೊರಿಯ ಆರ್‌ಎಕ್ಸ್ 570.

ಮೊದಲು ಕೇಸ್ ಬಿಚ್ಚಿ ಪವರ್ ಸಪ್ಲೈ ನೋಡಿ. ಕುಂಬಳೆ, ಬದಿಯಡ್ಕ ಕಡೆ ಹಲವರ ಮನೆಯಲ್ಲಿರುವುದು ಆಫೀಸಿನಿಂದ ಬಂದ ಹಳೆಯ ಪಿಸಿ. ಅದರಲ್ಲಿ ಕಾರ್ಡಿಗೆ ವಿದ್ಯುತ್ ಕೊಡುವ 6 ಪಿನ್ ವಯರೇ ಇರುವುದಿಲ್ಲ. ಹಾಗಿದ್ದರೆ ಕಾರ್ಡ್ ಕೂರಿಸುವ ಮದರ್‌ಬೋರ್ಡಿನ ಸ್ಲಾಟಿನಿಂದ ಸಿಗುವ 75 ವಾಟ್‌ನಲ್ಲೇ ಮುಗಿಸಬೇಕು. ಪಿನ್ ಬೇಡದ ಜಿಟಿಎಕ್ಸ್ 1650 ಇಲ್ಲಿ ನನ್ನ ಮೊದಲ ಆಯ್ಕೆ. ಆರ್‌ಎಕ್ಸ್ 6400 ಬರೀ 53 ವಾಟ್ ಎಂದು ಆಸೆಪಡಬೇಡಿ. ಅದಕ್ಕಿರುವುದು 4 ಪಿಸಿಐಇ ಲೇನ್ (ಕಾರ್ಡಿಗೂ ಬೋರ್ಡಿಗೂ ನಡುವೆ ಡೇಟಾ ಹೋಗುವ ದಾರಿ) ಮಾತ್ರ. ಹಳೆಯ ಪಿಸಿಐಇ 3 ಬೋರ್ಡಿನಲ್ಲಿ, ಕಾರ್ಡಿನ 4 ಜಿಬಿ ಮೆಮೊರಿ ತುಂಬಿದ ಕೂಡಲೇ ಡೇಟಾ ಪಿಸಿಯ ರ‍್ಯಾಮಿಗೆ ಹೋಗಿಬರಬೇಕು. ಆ ಕಿರಿದಾದ ದಾರಿಯಲ್ಲಿ ಆಟ ತಡವರಿಸುತ್ತದೆ.

ಒಳ್ಳೆಯ 450 ವಾಟ್ ಸಪ್ಲೈ, 8 ಪಿನ್ ವಯರ್ ಇದ್ದರೆ 8 ಜಿಬಿಯ ಆರ್‌ಎಕ್ಸ್ 6600 ಧಾರಾಳ.

ಮಂಗಳೂರಿನಲ್ಲೋ ಆನ್‌ಲೈನಿನಲ್ಲೋ ಸೆಕೆಂಡ್ ಹ್ಯಾಂಡ್ ಕೊಳ್ಳುವಾಗ ದುಡ್ಡು ಕೊಡುವ ಮೊದಲು ಕಾರ್ಡಿನ ಅಸಲಿ ವಿವರ ತೋರಿಸುವ ಜಿಪಿಯು-ಝಡ್ ತಂತ್ರಾಂಶ ಓಡಿಸಿ. ಹಳೆಯ ಜಿಟಿಎಕ್ಸ್ 550 ಟಿಐಗೆ ಬಯಾಸ್ (ಕಾರ್ಡಿನೊಳಗಿನ ಮೂಲ ತಂತ್ರಾಂಶ) ಬದಲಿಸಿ 1050 ಟಿಐ ಎಂದು ಮಾರುವುದುಂಟು. ನಮ್ಮ ಕರಾವಳಿಯ ಉಪ್ಪುಗಾಳಿಗೆ ಬ್ರಾಕೆಟ್, ಸ್ಕ್ರೂ ತುಕ್ಕು ಹಿಡಿದಿದೆಯೇ, ಫ್ಯಾನ್ ಸದ್ದು ಮಾಡುತ್ತದೆಯೇ, ಅದನ್ನೂ ನೋಡಿ.

ಎಂಟು ಜನರ ಪಂದ್ಯದ ಕೊನೆಗೆ ಮಾತ್ರ ಆಟ ನಿಧಾನವಾದರೆ ರೆಸಲ್ಯೂಶನ್ ಇಳಿಸಿ ನೋಡಿ. ಸೆಕೆಂಡಿಗೆ ಬರುವ ಫ್ರೇಮ್ ಏರದಿದ್ದರೆ ತೊಂದರೆ ಇರುವುದು ಪ್ರೊಸೆಸರಿನಲ್ಲಿ. ಆಗ ಹೊಸ ಕಾರ್ಡಿಗೆ ಹಾಕಿದ ದುಡ್ಡು ದಂಡ.