ಹುಳಿ, ಒಗರು ಮತ್ತು ಒಂದು ತುಂಡು ಚೀಸ್

ನಂದಿಬೆಟ್ಟದ ತಪ್ಪಲಿನಲ್ಲಿ ಫೆಬ್ರವರಿ ಬಂತೆಂದರೆ ವೈನ್ ದ್ರಾಕ್ಷಿಯ ಕೊಯ್ಲಿನ ಕಾಲ. ಹಗಲು ಬಿಸಿಲು ಚುರುಗುಟ್ಟಿದರೂ ರಾತ್ರಿ ಹೊದಿಕೆ ಬೇಕೆನ್ನಿಸುವಷ್ಟು ತಂಪು ಇನ್ನೂ ಇರುತ್ತದೆ. ಹಣ್ಣಿನ ಹುಳಿಯನ್ನು ಕಾಯುವುದು ಆ ತಂಪೇ. ವೈನ್ ಬಗ್ಗೆ ತಿಳಿಯಬೇಕು ಅನ್ನುವವರಿಗೆ ನಾನು ಮೊದಲು ಹೇಳುವುದು ಇಷ್ಟೇ: ಬಾಟಲಿಯ ಮೇಲಿನ ಫ್ರೆಂಚ್ ಹೆಸರುಗಳನ್ನು ಬಾಯಿಪಾಠ ಮಾಡುವ ಮೊದಲು ಹುಳಿ ಯಾವುದು, ಒಗರು ಯಾವುದು ಎಂದು ನಾಲಿಗೆಯಲ್ಲಿ ಬೇರೆಬೇರೆ ಮಾಡಿ ನೋಡಿ. ಅಷ್ಟು ಬಂದರೆ ಯಾವ ವೈನಿಗೆ ಯಾವ ಚೀಸ್ ಎಂಬುದು ಮುಕ್ಕಾಲು ಪಾಲು ತಾನಾಗಿಯೇ ತಿಳಿಯುತ್ತದೆ. ನನಗೆ ಇದು ತಿಳಿದದ್ದು ನನ್ನ ಸೋದರಮಾವನ ಜೊತೆ ಕಳೆದ ಒಂದು ಭಾನುವಾರ.

ಮಾವ ದೇವನಹಳ್ಳಿ ತಾಲ್ಲೂಕಿನ ವಿಜಯಪುರದ ಕಡೆಯವರು. ಕಲ್ಲುಕಂಬ ನೆಟ್ಟು, ತಂತಿ ಎಳೆದು, ಚಪ್ಪರದ ಮೇಲೆ ಬೆಂಗಳೂರು ನೀಲಿ ದ್ರಾಕ್ಷಿ ಬೆಳೆಯುವವರು. ದಪ್ಪ ಸಿಪ್ಪೆ, ಒಳಗೆ ಬೀಜ, ಮೂಗಿಗೆ ಹೊಡೆಯುವ ಗಾಢ ವಾಸನೆ, ಅದೇ ಹಣ್ಣು. ಭೌಗೋಳಿಕ ಸೂಚಿಕೆಯ ಮಾನ್ಯತೆಯೂ ಅದಕ್ಕಿದೆ. ಹೆಚ್ಚಿನ ಹಣ್ಣು ಜ್ಯೂಸಿಗೆ ಹೋಗುತ್ತದೆ. ದೊಡ್ಡಬಳ್ಳಾಪುರದ ಹತ್ತಿರ ಒಂದು ವೈನರಿ ನೋಡಲು ಹೊರಟಿದ್ದೇನೆ ಎಂದು ಫೋನಿನಲ್ಲಿ ಹೇಳಿದಾಗ ಮಾವ, “ಆ ತೋಟದೋರು ಬಳ್ಳೀನ ಹೆಂಗೆ ಕಟ್ಟವ್ರೆ ನೋಡ್ಬೇಕು ಕಣಮ್ಮ, ನಾನೂ ಬತ್ತೀನಿ” ಅಂದರು. ಅವರು ಕುಡಿಯುವವರಲ್ಲ. ವೈನ್ ರುಚಿ ನೋಡಿ ಉಗುಳುವುದಕ್ಕೆಂದೇ ಮೇಜಿನ ಮೇಲೆ ಪಾತ್ರೆ ಇಟ್ಟಿರುತ್ತಾರೆ, ಅದರಲ್ಲಿ ಯಾರಿಗೂ ಮುಜುಗರವಿಲ್ಲ ಎಂದು ತಿಳಿಸಿದ ಮೇಲೆ ಅವರಿಗೂ ಸಮಾಧಾನವಾಯಿತು. ಯಲಹಂಕದಿಂದ ಕ್ಯಾಬ್ ಮಾಡಿಕೊಂಡು ಹೊರಟೆವು. ವೈನ್ ರುಚಿ ನೋಡಲು ಹೋಗುವವರು ಸ್ವಂತ ಗಾಡಿ ಓಡಿಸಬಾರದು.

ಈ ಸೀಮೆಗೆ ವೈನ್ ದ್ರಾಕ್ಷಿ ಬಂದ ಕಥೆ ಹಳೆಯದೇನಲ್ಲ. ಕನ್ವಲ್ ಗ್ರೋವರ್ ಎಂಬ ಉದ್ಯಮಿ ಫ್ರಾನ್ಸಿನ ಷಾಂಪೇನ್ ಪ್ರಾಂತ್ಯದ ವೈನ್ ತಜ್ಞ ಜಾರ್ಜ್ ವೆಸೆಲ್ ಅವರನ್ನು ಕರೆಸಿ, ಯಾವ ಮಣ್ಣು ಯಾವ ಹವೆ ಸರಿಹೋಗುತ್ತದೆ ಎಂದು ಹುಡುಕಿಸಿ, ಕೊನೆಗೆ ಆರಿಸಿಕೊಂಡದ್ದು ನಂದಿಬೆಟ್ಟದ ಈ ಮಗ್ಗುಲನ್ನು. ಅವರ ಕಂಪನಿ ಶುರುವಾದದ್ದು 1988ರಲ್ಲಿ. 2007ರಲ್ಲಿ ಕರ್ನಾಟಕ ಸರ್ಕಾರ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿಯನ್ನೇ ತಂದಿತು. ಈಗ ನಂದಿ ಕಣಿವೆಯಲ್ಲಷ್ಟೇ ಅಲ್ಲ, ಕೃಷ್ಣಾ ಕಣಿವೆಯಲ್ಲೂ ಹಂಪಿಯ ಸುತ್ತಮುತ್ತಲೂ ವೈನ್ ದ್ರಾಕ್ಷಿ ಬೆಳೆಯುತ್ತಾರೆ.

ತೋಟಕ್ಕೆ ಕಾಲಿಟ್ಟ ಕೂಡಲೇ ಮಾವನ ಕಣ್ಣು ಹೋದದ್ದು ಬಳ್ಳಿಗಳ ಕಡೆ. ಇಲ್ಲಿ ಚಪ್ಪರವಿಲ್ಲ. ಸಾಲಾಗಿ ಕಂಬ, ಅಡ್ಡಡ್ಡ ತಂತಿ, ಅದಕ್ಕೆ ನೆಟ್ಟಗೆ ಮೇಲೆತ್ತಿ ಕಟ್ಟಿದ ಚಿಗುರು. ಗೊಂಚಲುಗಳೆಲ್ಲ ಕೆಳಗೆ ಒಂದೇ ಎತ್ತರದಲ್ಲಿ, ಬಿಸಿಲಿಗೂ ಗಾಳಿಗೂ ಸಿಗುವ ಹಾಗೆ. ಗಾಳಿಯಾಡಿದರೆ ಬೂದಿರೋಗದ ಕಾಟ ಕಡಿಮೆ ಎಂದು ಮಾವನೇ ನನಗೆ ಹೇಳಿದರು. ಇಲ್ಲಿಯವರು ವರ್ಷಕ್ಕೆ ಎರಡು ಸಲ ಬಳ್ಳಿ ಸವರುತ್ತಾರೆ, ಆದರೆ ಫಸಲು ತೆಗೆಯುವುದು ಒಂದೇ. ಬೇಸಿಗೆಯಲ್ಲಿ ಸವರಿದಾಗ ಬರುವುದು ಕಡ್ಡಿ, ಮಳೆ ಮುಗಿಯುವ ಹೊತ್ತಿಗೆ ಸವರಿದಾಗ ಬರುವುದು ಹಣ್ಣು. ಮಾವ ತಮ್ಮ ತೋಟದಲ್ಲಿ ವರ್ಷಕ್ಕೆ ಎರಡು ಬೆಳೆ ತೆಗೆಯುತ್ತಾರೆ. “ಒಂದೇ ಬೆಳೆಗೆ ಇಷ್ಟು ಆರೈಕೆನಾ” ಎಂದು ಅವರು ಕೇಳಿದ್ದು ಲೆಕ್ಕ ಗೊತ್ತಿರುವ ರೈತನ ಪ್ರಶ್ನೆ.

ಆಮೇಲೆ ಅವರು ಮಾಡಿದ್ದನ್ನು ನಾನು ಹತ್ತಿರದಿಂದ ನೋಡಿದೆ. ಕೇಳಿಕೊಂಡು, ಕ್ಯಾಬರ್ನೆ ಸೋವಿನ್ಯೋ ಎಂಬ ಕೆಂಪು ವೈನಿನ ದ್ರಾಕ್ಷಿಯ ಗೊಂಚಲಿನಿಂದ ಒಂದು ಹಣ್ಣು ಕಿತ್ತರು. ಬಟಾಣಿ ಕಾಳಿಗಿಂತ ತುಸು ದೊಡ್ಡದು, ಮೇಲೆ ಬೂದು ಬಣ್ಣದ ತೆಳು ಪುಡಿ. ಹೆಬ್ಬೆರಳಲ್ಲಿ ಅದುಮಿದರು. ಬೆಂಗಳೂರು ನೀಲಿಯನ್ನು ಹೀಗೆ ಅದುಮಿದರೆ ತಿರುಳು ಪುಳಕ್ಕನೆ ಸಿಪ್ಪೆಯಿಂದ ಹೊರಗೆ ಬೀಳುತ್ತದೆ. ಇದು ಬೀಳಲಿಲ್ಲ. ಸಿಪ್ಪೆ ತಿರುಳನ್ನು ಬಿಡದೆ ಹಿಡಿದುಕೊಂಡಿತ್ತು. ಸೀಳಿ ತೋರಿಸಿದರು. ಸಿಪ್ಪೆ ಕಡುನೀಲಿ, ಒಳಗಿನ ರಸ ಮಾತ್ರ ನೀರಿನಷ್ಟು ತಿಳಿ. ಬೀಜವನ್ನು ಹಲ್ಲಲ್ಲಿ ಕಡಿದು ಉಗುಳಿ, ಅಂಗೈ ಮೇಲಿಟ್ಟುಕೊಂಡು, “ತುದೀಲಿ ಇನ್ನೂ ಹಸುರದೆ, ಇದು ಬಲಿತಿಲ್ಲ” ಅಂದರು. ಪಕ್ಕದಲ್ಲಿದ್ದ ತೋಟದ ಮೇಲ್ವಿಚಾರಕರು ತಲೆಯಾಡಿಸಿದರು. ಕೆಂಪು ಹಣ್ಣಿನ ಕೊಯ್ಲು ಬಿಳಿಯದಾದ ಮೇಲೆ, ಬೀಜ ಕಂದು ತಿರುಗಬೇಕು, ಇಲ್ಲದಿದ್ದರೆ ವೈನಿಗೆ ಹಸಿಗಹಿ ಬರುತ್ತದೆ ಎಂದು ಅವರೂ ಹೇಳಿದರು.

ಬಿಳಿ ವೈನು, ಕೆಂಪು ವೈನು ಎಂಬ ಭೇದವೆಲ್ಲ ಆ ಸೀಳಿದ ಹಣ್ಣಿನಲ್ಲೇ ಇತ್ತು. ಬಣ್ಣವೂ ಒಗರೂ ಇರುವುದು ಸಿಪ್ಪೆಯಲ್ಲಿ, ಬೀಜದಲ್ಲಿ. ಹಣ್ಣು ಹಿಂಡಿ ಸಿಪ್ಪೆ ತೆಗೆದು ಬರೀ ರಸ ಹುದುಗಿಸಿದರೆ ಬಿಳಿ ವೈನು. ಸಿಪ್ಪೆ, ಬೀಜದ ಸಮೇತ ದಿನಗಟ್ಟಲೆ ಹುದುಗಿಸಿದರೆ ಕೆಂಪು. ಕೆಲವೇ ಗಂಟೆ ಸಿಪ್ಪೆಯ ಜೊತೆ ಬಿಟ್ಟು ರಸ ಬಸಿದರೆ ಗುಲಾಬಿ ಬಣ್ಣದ ರೋಸೆ. ಒಗರು ತರುವ ಆ ಅಂಶದ ಹೆಸರು ಟ್ಯಾನಿನ್. ನೇರಳೆಹಣ್ಣು ತಿಂದಾಗ ನಾಲಿಗೆ ಒರಟಾಗಿ ಬಾಯಿ ಒಣಗಿದ ಹಾಗಾಗುತ್ತದಲ್ಲ, ಗಟ್ಟಿ ಕೆಂಪು ವೈನಿನ ಮೊದಲ ಗುಟುಕಿನಲ್ಲಿ ಆಗುವುದೂ ಅದೇ. ಎಂಜಲಿನ ಪ್ರೋಟೀನಿಗೆ ಟ್ಯಾನಿನ್ ಅಂಟಿಕೊಂಡು ಬಾಯಿಯ ಜಾರು ಹೋಗುತ್ತದೆ. ಬಿಳಿ ವೈನಿನಲ್ಲಿ ಇದು ಇಲ್ಲವೆನ್ನುವಷ್ಟು ಕಡಿಮೆ, ಅಲ್ಲಿ ಮುಂದೆ ನಿಲ್ಲುವುದು ಹುಳಿ.

ಕೊಯ್ಲಿನ ಮನೆಯ ಬಾಗಿಲಲ್ಲಿ ಒಬ್ಬ ಹುಡುಗ ಸೋವಿನ್ಯೋ ಬ್ಲಾಂ ಎಂಬ ಬಿಳಿ ದ್ರಾಕ್ಷಿಯ ರಸವನ್ನು, ಸಕ್ಕರೆ ಅಳೆಯುವ ರಿಫ್ರಾಕ್ಟೋಮೀಟರಿನ ಗಾಜಿಗೆ ಹಾಕಿ ಬೆಳಕಿಗೆ ಹಿಡಿದ. 22 ಬ್ರಿಕ್ಸ್. ಎಂದರೆ ನೂರು ಗ್ರಾಂ ರಸದಲ್ಲಿ ಹೆಚ್ಚುಕಡಿಮೆ 22 ಗ್ರಾಂ ಸಕ್ಕರೆ. ಯೀಸ್ಟ್ ಅಷ್ಟನ್ನೂ ತಿಂದು ಮುಗಿಸಿದರೆ ಆಲ್ಕೋಹಾಲು ಶೇ. 12ರ ಆಸುಪಾಸು, ಅದೇ ಡ್ರೈ ವೈನು. ಸಕ್ಕರೆ ಉಳಿಯುವಂತೆ ನಡುವೆ ನಿಲ್ಲಿಸಿದರೆ ಸಿಹಿ ವೈನು. ಹಣ್ಣು ಬಳ್ಳಿಯಲ್ಲಿ ಉಳಿದಷ್ಟೂ ಸಕ್ಕರೆ ಏರುತ್ತದೆ, ಹುಳಿ ಇಳಿಯುತ್ತದೆ. ಕೊಯ್ಲು ಎರಡು ದಿನ ಮುಂದೆ ಹೋದರೂ ವೈನು ಬೇರೆಯಾಗುತ್ತದೆ ಎಂಬುದು ಮಾವನಿಗೆ ಯಾರೂ ವಿವರಿಸಬೇಕಾಗಿರಲಿಲ್ಲ.

ರುಚಿ ನೋಡುವ ಕೋಣೆಯಲ್ಲಿ ಗ್ಲಾಸಿಗೆ ಮೂರು ನಾಲ್ಕು ಚಮಚ ಮಾತ್ರ ಹಾಕಿದರು. ಹಗುರದಿಂದ ಗಟ್ಟಿಗೆ, ಬಿಳಿಯಿಂದ ಕೆಂಪಿಗೆ, ಇದು ಕ್ರಮ. ಗ್ಲಾಸಿನ ಕಡ್ಡಿ ಹಿಡಿಯುವುದು ಶೋಕಿಗಲ್ಲ, ಕೈಯ ಬಿಸಿ ವೈನಿಗೆ ತಾಗದಿರಲಿ ಎಂದು. ಆಡಿಸುವುದು ವಾಸನೆ ಏಳಲಿ ಎಂದು. ಸೋವಿನ್ಯೋ ಬ್ಲಾಂ ಮೂಸಿದ ಮಾವ, “ದಪ್ಪ ಮೆಣಸಿನಕಾಯಿ ಹೆಚ್ಚಿದಂಗದೆ” ಅಂದರು. ನಮಗೆ ವೈನ್ ತೋರಿಸುತ್ತಿದ್ದ ಹುಡುಗಿಗೆ ಖುಷಿಯಾಯಿತು. ಅದು ಊಹೆಯಲ್ಲ, ಕ್ಯಾಪ್ಸಿಕಂ ವಾಸನೆಗೆ ಕಾರಣವಾದ ಪೈರಜೀನ್ ಎಂಬ ರಾಸಾಯನಿಕವೇ ಈ ದ್ರಾಕ್ಷಿಯಲ್ಲೂ ಇದೆ. ಶಿರಾಜ್ ಎಂಬ ಕೆಂಪು ದ್ರಾಕ್ಷಿಯ ವೈನಿನಲ್ಲಿ ಕರಿಮೆಣಸಿನ ಘಾಟು ಬರುವುದೂ ಹಾಗೆಯೇ, ರೊಟಂಡೋನ್ ಎಂಬ ಅಂಶ ಎರಡರಲ್ಲೂ ಒಂದೇ. ವೈನಿನ ವಾಸನೆ ವರ್ಣಿಸುವ ಮಾತೆಲ್ಲ ಬರೀ ಬಡಾಯಿ ಎಂದುಕೊಂಡವರು ಇದನ್ನು ತಿಳಿಯಬೇಕು. ಅಡುಗೆಮನೆಯಲ್ಲಿ ದಿನಾ ಓಡಾಡುವ ಮೂಗಿಗೆ ಈ ಕೆಲಸ ಬೇಗ ಒಗ್ಗುತ್ತದೆ.

ನಾಲ್ಕು ಬಾಟಲಿ ಕೊಂಡು ಸಂಜೆಗೆ ಮನೆಗೆ ಬಂದೆವು. ಸೋವಿನ್ಯೋ ಬ್ಲಾಂ, ವಿಯೋನ್ಯೇ ಎಂಬ ಇನ್ನೊಂದು ಬಿಳಿ ವೈನ್, ಕ್ಯಾಬರ್ನೆ-ಶಿರಾಜ್ ಬೆರಕೆಯ ಕೆಂಪು ವೈನ್, ಮತ್ತು ದಾರಿಯಲ್ಲಿ ಅಂಗಡಿಯೊಂದರಲ್ಲಿ ತೆಗೆದುಕೊಂಡ, ಬೆಂಗಳೂರು ನೀಲಿಯಿಂದ ಮಾಡಿದ ಪೋರ್ಟ್ ಮಾದರಿಯ ಅಗ್ಗದ ಸಿಹಿ ವೈನು. ಕೊನೆಯದನ್ನು ಮಾವನಿಗೋಸ್ಕರ ಕೊಂಡೆ. ತಾವು ಬೆಳೆಯುವ ಹಣ್ಣು ಎಲ್ಲಿಗೆ ಮುಟ್ಟುತ್ತದೆ ಎಂದು ಅವರು ನೋಡಲಿ ಅಂತ.

ಚೀಸನ್ನು ಊಟಕ್ಕೆ ಅರ್ಧ ಗಂಟೆ ಮೊದಲೇ ಫ್ರಿಜ್ಜಿನಿಂದ ಹೊರಗಿಟ್ಟೆ, ತಣ್ಣಗಿದ್ದರೆ ಅದರ ರುಚಿ ಬಾಯಿಗೆ ಬರುವುದೇ ಇಲ್ಲ. ಕೆಂಪು ವೈನಿನದು ಉಲ್ಟಾ. ಅದನ್ನು ರೂಮಿನ ಉಷ್ಣತೆಯಲ್ಲಿ ಕುಡಿಯಬೇಕು ಅನ್ನುವುದು ಯುರೋಪಿನ ತಂಪು ಮನೆಗಳಿಗೆ ಹೇಳಿದ ಮಾತು, 16ರಿಂದ 18 ಡಿಗ್ರಿಯ ಲೆಕ್ಕ. ನಮ್ಮ ಬೇಸಿಗೆಯ ಮನೆಯಲ್ಲಿ ಅದನ್ನೂ ಅರ್ಧ ಗಂಟೆ ಫ್ರಿಜ್ಜಿನಲ್ಲಿಡಬೇಕು. ಬಿಳಿ ವೈನು ಇನ್ನೂ ತಣ್ಣಗೆ, ಸುಮಾರು 10 ಡಿಗ್ರಿ. ಅತ್ತೆ ಕಟ್ಟಿಕೊಟ್ಟಿದ್ದ ನಿಪ್ಪಟ್ಟನ್ನು ಮಾತ್ರ ಡಬ್ಬಿಯಲ್ಲೇ ಬಿಟ್ಟೆ. ಆಲ್ಕೋಹಾಲು ಬಿದ್ದರೆ ಮೆಣಸಿನಕಾಯಿಯ ಖಾರ ಇನ್ನಷ್ಟು ಉರಿಯುತ್ತದೆ, ಆಮೇಲೆ ನಾಲಿಗೆಗೆ ಬೇರೇನೂ ತಿಳಿಯುವುದಿಲ್ಲ. ನಡುನಡುವೆ ಬಾಯಿ ತೊಳೆಯಲು ಸಪ್ಪೆ ಬ್ರೆಡ್ಡು, ನೀರು.

ಮೊದಲು ಮೇಕೆ ಹಾಲಿನ ಮೃದು ಚೀಸ್ ಮತ್ತು ಸೋವಿನ್ಯೋ ಬ್ಲಾಂ. ಚೀಸು ಹುಳಿ, ವೈನೂ ಹುಳಿ. ಎರಡೂ ಸೇರಿ ಹಲ್ಲು ಚುಳ್ಳೆನ್ನಬಹುದು ಎಂದುಕೊಂಡವಳಿಗೆ ಬಾಯಲ್ಲಿ ಸಿಕ್ಕಿದ್ದು ಹಣ್ಣಿನ ಸಿಹಿ! ಚೀಸಿನ ಹುಳಿಗೆ ನಾಲಿಗೆ ಒಗ್ಗಿದ ಮೇಲೆ ವೈನಿನ ಹುಳಿ ಹಿಂದೆ ಸರಿಯಿತು. ಫ್ರಾನ್ಸಿನ ಲುವಾರ್ ನದಿಯ ಸೀಮೆಯಲ್ಲಿ ಸಾನ್ಸೇರ್ ವೈನನ್ನು ಪಕ್ಕದ ಶಾವಿನ್ಯೋಲ್ ಹಳ್ಳಿಯ ಮೇಕೆ ಚೀಸಿನ ಜೊತೆ ಕುಡಿಯುತ್ತಾರೆ, ಆ ವೈನಿನದೂ ಇದೇ ದ್ರಾಕ್ಷಿ. ಹೊಸಬರು ಒಂದೇ ಒಂದು ಜೋಡಿ ಪ್ರಯತ್ನಿಸುವುದಾದರೆ ಇದನ್ನೇ ಪ್ರಯತ್ನಿಸಲಿ.

ಬ್ರೀ ಎಂಬ ಮೆತ್ತನೆಯ ಫ್ರೆಂಚ್ ಚೀಸಿನ ಜೊತೆ ಕೆಂಪು ವೈನು ಚೆನ್ನಾಗಿರಲಿಲ್ಲ. ಹೊರಗಿನ ಬಿಳಿ ಬೂಷ್ಟಿನ ಪದರಕ್ಕೂ ಟ್ಯಾನಿನ್‌ಗೂ ಆಗಿಬರದೆ ಬಾಯೆಲ್ಲ ಕಹಿ. ಅದೇ ಬ್ರೀಗೆ ವಿಯೋನ್ಯೇ ಚೆಂದ ಹೊಂದಿತು. ಕೆಂಪು ವೈನ್ ಮತ್ತು ಚೀಸ್ ಎಂದು ಜನ ಒಂದೇ ಉಸಿರಿನಲ್ಲಿ ಹೇಳುತ್ತಾರೆ, ನನ್ನ ಅನುಭವದಲ್ಲಿ ಹೆಚ್ಚಿನ ಚೀಸುಗಳಿಗೆ ಬಿಳಿ ವೈನೇ ಸರಿ. ಕೆಂಪಿಗೆ ಬೇಕಾದದ್ದು ತಿಂಗಳುಗಟ್ಟಲೆ ಮಾಗಿದ ಗಟ್ಟಿ ಚೆಡ್ಡರ್, ಗೌಡಾ. ಒಂದು ತುಂಡು ಚೆಡ್ಡರ್ ಅಗಿದು, ಅದು ಬಾಯಲ್ಲಿರುವಾಗಲೇ ಒಂದು ಗುಟುಕು ತೆಗೆದುಕೊಂಡರೆ, ಮೊದಲು ಒರಟಾಗಿದ್ದ ವೈನು ನುಣ್ಣಗಾಗುತ್ತದೆ. ಟ್ಯಾನಿನ್ ಎಂಜಲನ್ನು ಬಿಟ್ಟು ಚೀಸಿನ ಪ್ರೋಟೀನು, ಕೊಬ್ಬುಗಳನ್ನು ಹಿಡಿದುಕೊಳ್ಳುತ್ತದೆ, ಉಪ್ಪು ಕಹಿಯನ್ನು ತಗ್ಗಿಸುತ್ತದೆ. ಮಾವ ಚೀಸ್ ಇಲ್ಲದೆ ಒಮ್ಮೆ, ಚೀಸ್ ಜೊತೆ ಒಮ್ಮೆ ಬಾಯಿಗೆ ಹಾಕಿ, ಉಗುಳಿ, “ಒಗರು ಎಲ್ಲೋಯ್ತು?” ಎಂದು ನನ್ನ ಮುಖ ನೋಡಿದರು. ಪನೀರನ್ನೂ ಇಟ್ಟಿದ್ದೆ. ಅದರಲ್ಲಿ ಉಪ್ಪೂ ಇಲ್ಲ, ಮಾಗಿದ ರುಚಿಯೂ ಇಲ್ಲ, ವೈನಿನ ಮುಂದೆ ನಿಲ್ಲಲಿಲ್ಲ.

ಸಸ್ಯಾಹಾರಿಗಳಿಗೆ ಒಂದು ಮಾತು: ಹಾಲು ಒಡೆಸಲು ಬಳಸುವ ರೆನೆಟ್ ಕೆಲವು ಚೀಸುಗಳಲ್ಲಿ ಕರುವಿನ ಹೊಟ್ಟೆಯಿಂದ ತೆಗೆದದ್ದಾಗಿರುತ್ತದೆ, ವಿದೇಶದ ಚೀಸಿನಲ್ಲಂತೂ ನೋಡಿಯೇ ಕೊಳ್ಳಬೇಕು. ಹಸಿರು ಚುಕ್ಕೆ ಇದ್ದರೆ ಚಿಂತೆಯಿಲ್ಲ.

ಕೊನೆಗೆ ಬ್ಲೂ ಚೀಸ್. ಒಳಗೆ ನೀಲಿ ಬೂಷ್ಟಿನ ಗೆರೆ, ಉಪ್ಪೆಂದರೆ ಉಪ್ಪು, ಘಾಟು ವಾಸನೆ. ಕ್ಯಾಬರ್ನೆ ಜೊತೆ ಬಾಯಲ್ಲಿ ಲೋಹ ಇಟ್ಟ ಹಾಗಾಯಿತು. ಇಂಗ್ಲೆಂಡಿನವರು ಸ್ಟಿಲ್ಟನ್ ಚೀಸಿಗೆ ಪೋರ್ಟ್ ಇಡುತ್ತಾರೆ, ಫ್ರೆಂಚರು ರಾಕ್‌ಫೋರ್ಟ್ ಚೀಸಿಗೆ ಸೋತೆರ್ನ್ ಎಂಬ ಸಿಹಿ ವೈನು ಇಡುತ್ತಾರೆ. ಉಪ್ಪಿಗೆ ಸಿಹಿ ಎನ್ನುವ ಲೆಕ್ಕ. ಹಾಗಾಗಿ ಆ ಅಗ್ಗದ ಸಿಹಿ ವೈನನ್ನು ಸುರಿದೆ. ಬರೀ ಕುಡಿದರೆ ಅದು ಸಿರಪ್ಪಿನಂತೆ ಭಾರ. ಬ್ಲೂ ಚೀಸಿನ ಜೊತೆ ಆ ಭಾರವೇ ಬೇಕಾಗಿತ್ತು. ಉಪ್ಪು ಸಿಹಿಯನ್ನು ಹದಕ್ಕೆ ತಂದಿತು, ವೈನಿಗೆ ತಕ್ಕದ್ದಲ್ಲ ಎಂದು ಬಲ್ಲವರು ಮೂಗು ಮುರಿಯುವ ಬೆಂಗಳೂರು ನೀಲಿಯ ಆ ಗಾಢ ವಾಸನೆ ಚೀಸಿನ ಘಾಟಿಗೆ ಸರಿಸಮನಾಗಿ ನಿಂತಿತು. ಇಡೀ ಸಂಜೆಯ ನನ್ನ ಮೆಚ್ಚಿನ ಜೋಡಿ ಅದು. ಮಾವ ಆ ಗ್ಲಾಸನ್ನು ಬಹಳ ಹೊತ್ತು ಮೂಸಿದರು. “ನಮ್ಮ ಹಣ್ಣೇ” ಅಂದರು. ಅದೊಂದನ್ನು ಉಗುಳಲಿಲ್ಲ.

ಊಟಕ್ಕೆ ಕೂತಾಗ ಒಂದು ಎಕರೆಗೆ ಶಿರಾಜ್ ಹಾಕಿದರೆ ಹೇಗೆ ಎಂದು ನಾನೇ ಕೇಳಿದೆ. ಅವರು ಬೇಡವೆಂದರು. ಚಪ್ಪರ ಕಿತ್ತು ತಂತಿ ಕಟ್ಟಬೇಕು, ಎರಡು ಬೆಳೆ ಬಿಟ್ಟು ಒಂದಕ್ಕೆ ಬರಬೇಕು, ಕೊಳ್ಳುವ ವೈನರಿ ಮೊದಲೇ ಮಾತು ಕೊಡಬೇಕು. ನನಗೂ ಅದು ಸರಿ ಅನ್ನಿಸಿತು. ಇರುವ ಹಣ್ಣಿಗೇ ತಕ್ಕ ಬೆಲೆ ಸಿಗಬೇಕಾದರೆ ಬೆಂಗಳೂರು ನೀಲಿಯ ಸಿಹಿ ವೈನನ್ನು ಯಾರಾದರೂ ಶ್ರದ್ಧೆಯಿಂದ, ಒಳ್ಳೆಯ ಹಣ್ಣು ಆರಿಸಿ, ಪೀಪಾಯಿಯಲ್ಲಿ ವರ್ಷಗಟ್ಟಲೆ ಮಾಗಿಸಿ ಮಾಡಬೇಕು. ಹಾಗೆ ಮಾಡುವವರು ಸಿಕ್ಕರೆ ಮುಂದಿನ ಫಸಲಿನಲ್ಲಿ ಒಂದು ಸಾಲು ತಡವಾಗಿ ಕೊಯ್ದು ಕೊಡುತ್ತೇನೆ ಎಂದು ಮಾವ ಹೇಳಿದ್ದಾರೆ. ನಾನು ವಿಚಾರಿಸುತ್ತಿದ್ದೇನೆ.